ಶಾಲೆಯ ಲೈಬ್ರರಿಗೆ ಬೇರೆ ಬೇರೆ ಬಗೆಯ ಮಕ್ಕಳ ಪುಸ್ತಕ ತಂದವರು ಇದ್ದೀರಾ?

ಈ ವರ್ಷ ನಮ್ಮ ಪ್ರಾಥಮಿಕ ಶಾಲೆಯ ಲೈಬ್ರರಿ ನನ್ನ ಪಾಲಿಗೆ ಬಂದಿದೆ. ಇರುವ ಕಥೆಗಳಲ್ಲಿ ಮಕ್ಕಳೆಲ್ಲ ಒಂದೇ ಅಚ್ಚು. ಅಪ್ಪ ಆಫೀಸಿಗೆ ಹೋಗುತ್ತಾರೆ, ಅಮ್ಮ ಅಡುಗೆಮನೆಯಲ್ಲಿರುತ್ತಾರೆ, ಎಲ್ಲರೂ ಬೆಳ್ಳಗಿದ್ದಾರೆ. ನಮ್ಮ ತರಗತಿಯ ಮಕ್ಕಳು ಹಾಗಿಲ್ಲ. ದುಡ್ಡು ಕಡಿಮೆ. ಎಲ್ಲಿಂದ ಶುರು ಮಾಡಲಿ?

ಉತ್ತರ 1

ಕೊಳ್ಳುವುದಕ್ಕೆ ಮೊದಲು ಇರುವುದನ್ನು ಎಣಿಸಿ ಟೀಚರ್. ನೀವಲ್ಲ, ಮಕ್ಕಳೇ ಎಣಿಸಲಿ. ನಾನು ಹಾಗೇ ಮಾಡಿಸಿದೆ. ಒಂದೊಂದು ಗುಂಪಿಗೆ ಒಂದಷ್ಟು ಪುಸ್ತಕ ಕೊಟ್ಟು, ಕಥೆ ಯಾರದ್ದು, ಮಾತಾಡುವವರು ಯಾರು, ಸುಮ್ನೆ ಹಿಂದೆ ನಿಂತಿರುವವರು ಯಾರು ಅಂತ ಬರೆಯಲು ಹೇಳಿದೆ. ಪ್ರಾಣಿಗಳೇ ಜಾಸ್ತಿ ಬಂದವು! ಇದು ನಮ್ಮ ಕಪಾಟಿನದ್ದು ಮಾತ್ರ ಅಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಪುಸ್ತಕಗಳ ಲೆಕ್ಕ ಇಡುವ ಕೇಂದ್ರವೊಂದಿದೆ. ಅವರ 2018ರ ಲೆಕ್ಕದಲ್ಲಿ ಮುಖ್ಯ ಪಾತ್ರ ಬಿಳಿಯರಾಗಿದ್ದ ಪುಸ್ತಕ ಶೇ. 50, ಪ್ರಾಣಿ ಮತ್ತು ವಸ್ತುಗಳದ್ದು ಶೇ. 27. ಕಪ್ಪು, ಏಷ್ಯನ್, ಲ್ಯಾಟಿನ್, ಮೂಲನಿವಾಸಿ ಮಕ್ಕಳ ಕಥೆಗಳನ್ನೆಲ್ಲ ಕೂಡಿಸಿದರೂ ಪ್ರಾಣಿಗಳಷ್ಟು ಆಗಲಿಲ್ಲ.

ಮಕ್ಕಳ ಕಣ್ಣಿಗೆ ಬೀಳುವುದು ನಮ್ಮ ಪಟ್ಟಿಯಲ್ಲೇ ಇರುವುದಿಲ್ಲ. "ಅಜ್ಜಿಯರು ಎಲ್ಲ ಪುಸ್ತಕದಲ್ಲೂ ಕೂತೇ ಇರ್ತಾರಲ್ಲ, ಯಾಕೆ?" ಅಂತ ಒಬ್ಬಳು ಕೇಳಿದಳು. ಏನು ತರಬೇಕು ಅನ್ನುವ ಪಟ್ಟಿ ಅಲ್ಲಿಂದಲೇ ಹುಟ್ಟಿತು.

ಉತ್ತರ 2

ಎಣಿಕೆ ಸರಿ. ಆದರೆ ಸಂಖ್ಯೆ ತುಂಬಿಸುವುದಕ್ಕೆ ಅಂತ ಸಿಕ್ಕಿದ್ದನ್ನೆಲ್ಲ ತರಬೇಡಿ. ಗಾಲಿಕುರ್ಚಿಯ ಹುಡುಗ ಕಥೆಯಲ್ಲಿ ಇರುತ್ತಾನೆ, ಆದರೆ ಅವನ ಕೆಲಸ ಏನಪ್ಪಾ ಅಂದರೆ ಬೇರೆ ಮಕ್ಕಳು ಎಷ್ಟು ಒಳ್ಳೆಯವರು ಅಂತ ತೋರಿಸುವುದು, ಅಷ್ಟೇ. ಬಡ ಮಕ್ಕಳ ಕಥೆ ಅಂದರೆ ಬರೀ ಕಣ್ಣೀರು. ಕಿವಿಗೆ ಮಷೀನ್ ಹಾಕಿಕೊಂಡ ಹುಡುಗಿ ಕಳ್ಳನನ್ನು ಹಿಡಿಯಲಿ, ಸುಳ್ಳು ಹೇಳಿ ಸಿಕ್ಕಿಬೀಳಲಿ, ಗೆಳತಿ ಜೊತೆ ಜಗಳ ಆಡಲಿ. ಅಂಥದ್ದನ್ನು ಹುಡುಕಿ.

ಮಕ್ಕಳ ಸಾಹಿತ್ಯದ ಅಮೆರಿಕನ್ ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಬರೆದ ಮಾತು ಕೇಳಿರುತ್ತೀರಿ, ಪುಸ್ತಕ ಮಗು ತನ್ನನ್ನು ಕಾಣುವ ಕನ್ನಡಿಯೂ ಆಗಬೇಕು, ಬೇರೆಯವರ ಬದುಕು ಕಾಣುವ ಕಿಟಕಿಯೂ ಆಗಬೇಕು ಅಂತ. ಕನ್ನಡಿ ಸಿಗದ ಮಕ್ಕಳ ಬಗ್ಗೆ ನಾವೆಲ್ಲ ಮಾತಾಡುತ್ತೇವೆ. ಬರೀ ಕನ್ನಡಿಯೇ ಸಿಗುವ ಮಕ್ಕಳಿಗೂ ನಷ್ಟ ಅಂತ ಅವರು ಹೇಳಿದ್ದನ್ನು ಮರೆತುಬಿಡುತ್ತೇವೆ. "ನಮ್ಮ ಶಾಲೆಯಲ್ಲಿ ಅಂಥ ಮಕ್ಕಳೇ ಇಲ್ಲ, ನಮಗ್ಯಾಕೆ?" ಅನ್ನುವವರಿಗೆ ನಾನು ಕೊಡುವ ಉತ್ತರ ಇದೇ.

ಉತ್ತರ 3

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನುವ ವೆಬ್‌ಸೈಟ್ ನೋಡಿ. ನೂರಾರು ಭಾಷೆಯ, ಚಿತ್ರಗಳಿರುವ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ. ಮುಕ್ತ ಪರವಾನಗಿ ಇರುವುದರಿಂದ ಪ್ರಿಂಟ್ ಹಾಕಬಹುದು, ಅನುವಾದವನ್ನೂ ಮಾಡಬಹುದು. ಮನೆಯಲ್ಲಿ ಬೇರೆ ಭಾಷೆ ಆಡುವ ಮಗು ಇದ್ದರೆ ಅದೇ ಕಥೆಯನ್ನು ಅದರ ಮನೆಮಾತಿನಲ್ಲಿ ಅಪ್ಪನೋ ಅಮ್ಮನೋ ಬಂದು ಓದಲಿ. ನಾವು ಹೀಗೆ ಮಾಡಿದಾಗ ತರಗತಿಯಲ್ಲಿ ಬಾಯೇ ಬಿಡದ ಹುಡುಗ ಉಳಿದವರಿಗೆ ಅರ್ಥ ಹೇಳಿಕೊಡಲು ಎದ್ದು ನಿಂತ.

ಒಂದು ಎಚ್ಚರಿಕೆ ಇದೆ. ಬಿಡಿ ಹಾಳೆಗೆ ಪಿನ್ ಹೊಡೆದರೆ ಯಾರೂ ಮುಟ್ಟುವುದಿಲ್ಲ. ಗಟ್ಟಿ ಹೊದಿಕೆ ಹಾಕಿ, ಬಣ್ಣದಲ್ಲೇ ಪ್ರಿಂಟ್ ಮಾಡಿಸಿ. ಎಲ್ಲ ಕಥೆಯೂ ಚೆನ್ನಾಗಿಲ್ಲ, ಪೂರ್ತಿ ಓದಿಯೇ ಆರಿಸಿ.

ಉತ್ತರ 4

ಎಲ್ಲರೂ ಪುಸ್ತಕ ತರುವುದನ್ನೇ ಹೇಳಿದಿರಿ, ಇಡುವುದು ಎಲ್ಲಿ? ಬೇರೆ ಕಪಾಟು ಮಾಡಿ ಬೋರ್ಡ್ ಹಾಕಬೇಡಿ ದಯವಿಟ್ಟು. ಅದು ಪಾಠದ ಕಪಾಟು ಅಂತ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ನಗೆ ಕಥೆ ನಗೆ ಕಥೆಗಳ ಜೊತೆ, ದೆವ್ವದ ಕಥೆ ದೆವ್ವದ ಕಥೆಗಳ ಜೊತೆ ಇರಲಿ.

ಇನ್ನೊಂದು, ಓದುತ್ತಾ ಓದುತ್ತಾ ಒಂದು ಮಗುವಿನ ಕಡೆ ತಿರುಗಿ "ಇದು ನಿನ್ನ ಥರಾನೇ ಅಲ್ವಾ?" ಅಂತ ಕೇಳಲೇಬೇಡಿ. ಆ ಮಗು ಮತ್ತೆ ಆ ಪುಸ್ತಕ ಮುಟ್ಟುವುದಿಲ್ಲ. ಸುಮ್ನೆ ಓದಿ, ಕೈಗೆ ಸಿಗುವ ಹಾಗೆ ಇಡಿ.

ಪೋಷಕರ ತಕರಾರು ಬಂದೇ ಬರುತ್ತದೆ. ಪುಸ್ತಕವನ್ನು ಅವರ ಕೈಗೇ ಕೊಟ್ಟು ಪೂರ್ತಿ ಓದಿಕೊಂಡು ಬನ್ನಿ ಅನ್ನಿ, ಬಹಳಷ್ಟು ತಕರಾರು ಮುಖಪುಟ ನೋಡಿಯೇ ಹುಟ್ಟಿರುತ್ತದೆ. ಅಂದ ಹಾಗೆ, ನಿಮ್ಮಲ್ಲಿ ಮಕ್ಕಳು ಪುಸ್ತಕ ಮನೆಗೆ ಒಯ್ಯಬಹುದಾ, ಇಲ್ಲಾ ಶಾಲೆಯಲ್ಲೇ ಓದಬೇಕಾ? ಅದನ್ನು ತಿಳಿಸಿದರೆ ಮೊದಲು ಯಾವ ಬಗೆಯದ್ದು ತರಿಸಬಹುದು ಅಂತ ಹೇಳುತ್ತೇನೆ.