ಅಪ್‌ಡೇಟ್: ಕೇಳಿದೆ, ಹಣ ಬಂತು

ತಿದ್ದಲು ಒಪ್ಪಿಕೊಂಡ ಕಾದಂಬರಿಯನ್ನು ಲೇಖಕರು ನಡುವೆ ಬೆಳೆಸುತ್ತಲೇ ಹೋದರೆ ಹೆಚ್ಚುವರಿ ಸಂಭಾವನೆ ಕೇಳಬಹುದೇ ಎಂದು ಕಳೆದ ತಿಂಗಳು ಇಲ್ಲಿ ಕೇಳಿದ್ದೆ. ಹಳೆಯ ಹಾಗೂ ಹೊಸ ಪ್ರತಿಯ ಪದಸಂಖ್ಯೆಯನ್ನು ಇಮೇಲ್‌ನಲ್ಲಿ ಬರೆದು ಕಳುಹಿಸಿ ಎಂಬ ನಿಮ್ಮ ಸಲಹೆ ಫಲಿಸಿತು. ಲೇಖಕರು ಬೇಸರಿಸಲೂ ಇಲ್ಲ. ಅಕ್ಷರದ ಗಾತ್ರ ಕಿರಿದಾದರೆ ಪುಟಗಳು ಕರಗುತ್ತವೆ, ಪದಗಳು ಕರಗುವುದಿಲ್ಲ. ಇನ್ನು ನನ್ನದು ಪುಟದ ಲೆಕ್ಕವಲ್ಲ, ಪದದ ಲೆಕ್ಕವೇ.

ಆದರೆ ಒಂದು ಕೆಲಸ ಲೆಕ್ಕಕ್ಕೇ ಬಂದಿರಲಿಲ್ಲ. ಕಡತ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿತ್ತು. ಈಗ ಎಲ್ಲೆಡೆ ಬಳಸುವ ಯೂನಿಕೋಡ್‌ಗೆ ಪರಿವರ್ತಿಸಿದಾಗ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಸ್ಥಾನ ತಪ್ಪಿದವು. ಸರಿಪಡಿಸಲು ಮೂರು ರಾತ್ರಿ ಹಿಡಿಯಿತು. ಮೊದಲೇ ಹೇಳಿರದ ಕಾರಣ ಅದಕ್ಕೆ ಹಣ ಕೇಳಲು ಮನಸ್ಸು ಬರಲಿಲ್ಲ. ಮುಂದಿನ ಒಪ್ಪಂದದಲ್ಲಿ ಅದಕ್ಕೆ ಪ್ರತ್ಯೇಕ ದರ ಬರೆದಿದ್ದೇನೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.