ಸಹಾಯ ಬೇಕು: ಗೋಧಿ ಕ್ರೋಮೋಸೋಮಿನಲ್ಲಿ ಜೀನ್ ಗುಂಪುಗಳನ್ನು ಗುರುತಿಸುವ ಮಿತಿ

ಬ್ರೆಡ್ ಗೋಧಿಯ 21 ಕ್ರೋಮೋಸೋಮುಗಳಲ್ಲಿ ಜೀನ್‌ಗಳ ಹಂಚಿಕೆಯನ್ನು ಅಳೆಯುವ ಕೆಲಸ ನಡೆದಿದೆ. 2018ರ ಉಲ್ಲೇಖ ಜೀನೋಮಿನ 1,07,891 ಹೆಚ್ಚು ವಿಶ್ವಾಸದ ಜೀನ್‌ಗಳನ್ನು ಮಾತ್ರ ತೆಗೆದುಕೊಂಡು, 10 ಮೆಗಾಬೇಸ್ (ಮೆಗಾಬೇಸ್ ಎಂದರೆ ಹತ್ತು ಲಕ್ಷ ಡಿಎನ್‌ಎ ಅಕ್ಷರ) ಅಗಲದ ಕಿಟಕಿಯನ್ನು 1 ಮೆಗಾಬೇಸ್ ಹೆಜ್ಜೆಯಲ್ಲಿ ಸರಿಸುತ್ತಾ ಎಣಿಸಲಾಗಿದೆ. ಕಡಿಮೆ ವಿಶ್ವಾಸದವನ್ನು ಸೇರಿಸಿದರೆ ಟ್ರಾನ್ಸ್‌ಪೋಸಾನ್ (ಜಾಗ ಬದಲಿಸುವ ಡಿಎನ್‌ಎ) ತುಣುಕುಗಳೂ ಜೀನ್‌ಗಳಂತೆ ಲೆಕ್ಕಕ್ಕೆ ಬಂದು ಸೆಂಟ್ರೋಮಿಯರ್ (ಎರಡು ತೋಳುಗಳು ಸೇರುವ ಭಾಗ) ಸುತ್ತಲಿನ ಸಾಂದ್ರತೆ ಸುಳ್ಳಾಗಿ ಏರುತ್ತದೆ. ಪ್ರತಿ ಕಿಟಕಿಯಲ್ಲಿ ಓದಲಾಗದ ಬೇಸ್‌ಗಳನ್ನು ಕಳೆದು, ಉಳಿದ ಉದ್ದದಿಂದ ಜೀನ್ ಎಣಿಕೆಯನ್ನು ಭಾಗಿಸಲಾಗಿದೆ.

ಟೆಲೋಮಿಯರ್ (ಕ್ರೋಮೋಸೋಮಿನ ತುದಿ) ಕಡೆಗೆ ಸಾಂದ್ರತೆ ಏರುವುದು ನಿರೀಕ್ಷೆಯಂತೆಯೇ ಸ್ಪಷ್ಟ. ತೊಡಕು ಜೀನ್ ದ್ವೀಪಗಳಲ್ಲಿ, ಅಂದರೆ ಒತ್ತೊತ್ತಾಗಿ ಕೂತ ಜೀನ್ ಗುಂಪುಗಳನ್ನು ಗುರುತಿಸುವುದರಲ್ಲಿ ಇದೆ.

ಜೀನ್‌ಗಳು ಯಾದೃಚ್ಛಿಕವಾಗಿ ಕೂತಿದ್ದರೆ ನಡುವಿನ ಅಂತರಗಳು ಘಾತೀಯ ಹಂಚಿಕೆ ಅನುಸರಿಸಿ, ಸರಾಸರಿಯೂ ಪ್ರಮಾಣ ವಿಚಲನೆಯೂ ಸುಮಾರು ಸಮ ಇರಬೇಕು. ಇಲ್ಲಿ ವಿಚಲನೆ ಬಹಳ ಹೆಚ್ಚು. ಆದರೆ ತುದಿಯಿಂದ ನಡುವಿಗೆ ಇಳಿಯುವ ಸಾಂದ್ರತೆಯೊಂದೇ ಇಂಥ ಫಲಿತಾಂಶ ಕೊಡಬಲ್ಲದು. ಇಡೀ ಕ್ರೋಮೋಸೋಮಿನಲ್ಲಿ ಜೀನ್‌ಗಳ ಸ್ಥಾನಗಳನ್ನು ಯಾದೃಚ್ಛಿಕವಾಗಿ ಕಲಸಿ ಹೋಲಿಸುವುದು ಹಾಗಾಗಿ ತಪ್ಪು ಅನಿಸುತ್ತದೆ. ಕಿಟಕಿಯೊಳಗೇ ಕಲಸುವುದಾದರೆ ಎಷ್ಟು ಅಗಲ ಸರಿ: 5 ಅಥವಾ 20 ಮೆಗಾಬೇಸ್? ಸಾಲಾಗಿ ನಕಲಾದ ಜೀನ್‌ಗಳನ್ನು ಒಂದಾಗಿ ಎಣಿಸಬೇಕೇ? ರೋಗನಿರೋಧಕ ಜೀನ್‌ಗಳ ಸಾಲುಗಳು ತುದಿಗಳಲ್ಲಿ ದಟ್ಟವಾಗಿರುವುದರಿಂದ ಈ ಆಯ್ಕೆ ಫಲಿತಾಂಶವನ್ನೇ ಬದಲಿಸುತ್ತದೆ.

ಇದೇ ದತ್ತಾಂಶ ಬಳಸುವವರಿಗೆ: ಜೋಡಿಸಿದ ಡಿಎನ್‌ಎ ಓದುಗಳ ಕಡತದಲ್ಲಿ ಬೇಕಾದ ಜಾಗ ಹುಡುಕಿಕೊಡುವ ಬಿಎಐ ಸೂಚಿ 53,68,70,912 ಬೇಸ್ ದಾಟಿದ ಕ್ರೋಮೋಸೋಮಿಗೆ ನಡೆಯದು, ಸಿಎಸ್‌ಐ ಎಂಬ ಇನ್ನೊಂದು ಬಗೆಯ ಸೂಚಿ ಬಳಸಿ. ಪ್ರತಿ ಕ್ರೋಮೋಸೋಮನ್ನು ಎರಡು ತುಂಡಾಗಿಸಿದ ಕಡತವಾದರೆ ಎರಡನೆಯ ತುಂಡಿನ ಸ್ಥಾನಗಳಿಗೆ ಮೊದಲನೆಯದರ ಉದ್ದ ಕೂಡಿಸಿ. ಮರೆತರೆ ಎರಡೂ ತುಂಡುಗಳ ಜೀನ್‌ಗಳು ಒಂದರ ಮೇಲೊಂದು ಬೀಳುತ್ತವೆ. ಬಾರ್ಲಿಯಲ್ಲಿ ಈ ಪರೀಕ್ಷೆ ಮಾಡಿದವರು ಬಳಸಿದ ಕಿಟಕಿಯ ಅಗಲವನ್ನೂ ಕಾರಣವನ್ನೂ ದಯವಿಟ್ಟು ತಿಳಿಸಿ.