ಸಹಾಯ ಬೇಕು: ಕನ್ನಡ ಬಲ್ಲ ಎಕ್ಸಿಕ್ಯೂಟಿವ್ ಕೋಚ್ ಗೊತ್ತಿದ್ದರೆ ತಿಳಿಸಿ

ಎಲ್ಲರಿಗೂ ನಮಸ್ಕಾರ. ನನಗೊಬ್ಬ ಎಕ್ಸಿಕ್ಯೂಟಿವ್ ಕೋಚ್ ಬೇಕು, ಅಂದರೆ ಸಂಸ್ಥೆ ನಡೆಸುವವರ ಜೊತೆ ಕೂತು ಅವರು ತಮ್ಮ ರೀತಿ ತಿದ್ದಿಕೊಳ್ಳಲು ನೆರವಾಗುವವರು. ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಫೌಂಡ್ರಿ (ಲೋಹ ಕರಗಿಸಿ ಅಚ್ಚಿಗೆ ಎರೆಯುವ ಕಾರ್ಖಾನೆ) ಇದೆ. ಎರಡು ವರ್ಷದ ಹಿಂದೆ ಅಪ್ಪ ಅದನ್ನು ನನ್ನ ಹೆಗಲಿಗೆ ಹಾಕಿದರು. ಲೆಕ್ಕಪತ್ರ, ಗಿರಾಕಿಗಳನ್ನು ಹೇಗೋ ಸಂಭಾಳಿಸುತ್ತೇನೆ. ಜನರನ್ನು ಸಂಭಾಳಿಸುವುದೇ ಬರುತ್ತಿಲ್ಲ.

ಕಳೆದ ತಿಂಗಳು ಒಂದು ಅಚ್ಚು ಕೆಟ್ಟಿದ್ದಕ್ಕೆ, ನನ್ನನ್ನು ಎತ್ತಿ ಆಡಿಸಿದ ಹಿರಿಯ ಮೇಸ್ತ್ರಿಯ ಮೇಲೆ ಎಲ್ಲರೆದುರು ರೇಗಿಬಿಟ್ಟೆ. ಅವರು ಕೈಗವಸು ಕಳಚಿ ಮೇಜಿನ ಮೇಲಿಟ್ಟು ಸುಮ್ಮನೆ ಹೊರಟರು. ಮರುದಿನ ಬಂದರು, ಆದರೆ ಈಗ ‘ತಮ್ಮಾ’ ಎನ್ನುವುದಿಲ್ಲ, ‘ಸಾಹೇಬರೇ’ ಎನ್ನುತ್ತಾರೆ.

ನನಗೆ ಬೇಕಿರುವುದು ಹುರುಪು ತುಂಬುವ ಭಾಷಣವಲ್ಲ (ಅಂಥವು ಬೇಕಾದಷ್ಟು ಆಗಿವೆ), ನನ್ನೊಬ್ಬನ ಜೊತೆಗೇ ಕೂತು ಪ್ರಶ್ನೆ ಕೇಳಿ ನನ್ನ ತಪ್ಪು ನನಗೇ ಕಾಣಿಸುವವರು. ಸಿಟ್ಟು ಬರುವುದು ಕನ್ನಡದಲ್ಲಿ, ಹಾಗಾಗಿ ಮಾತೂ ಕನ್ನಡದಲ್ಲೇ ಆಗಬೇಕು. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಎಂಬ ಕೋಚ್‌ಗಳ ಜಾಗತಿಕ ಸಂಸ್ಥೆಯ ಪಿಸಿಸಿ (ಪ್ರೊಫೆಷನಲ್ ಸರ್ಟಿಫೈಡ್ ಕೋಚ್) ಮಾನ್ಯತೆಗೆ ಕನಿಷ್ಠ 500 ಗಂಟೆಗಳ ಕೋಚಿಂಗ್ ಅನುಭವ ಬೇಕಂತೆ. ಅಷ್ಟು ಪಳಗಿದವರಾದರೆ ಒಳ್ಳೆಯದು. ನನ್ನ ಕೈಕೆಳಗಿನ ಮೇಲ್ವಿಚಾರಕರನ್ನೂ ಮಾತನಾಡಿಸಿ ನನ್ನ ಬಗ್ಗೆ ಅಭಿಪ್ರಾಯ ಪಡೆಯಲಿ, ಆದರೆ ಯಾರು ಏನೆಂದರು ಎಂಬುದು ಗುಟ್ಟಾಗಿರಬೇಕು.

ಆನ್‌ಲೈನ್ ಆದರೂ ಸರಿ. ಸ್ವತಃ ಕೋಚಿಂಗ್ ಪಡೆದವರು ಎಷ್ಟು ತಿಂಗಳು ಹಿಡಿಯಿತು, ಶುಲ್ಕ ಎಷ್ಟಾಯಿತು ಎಂದು ದಯವಿಟ್ಟು ತಿಳಿಸಿ. ಇಲ್ಲಿ ಬರೆಯಲು ಸಂಕೋಚವಾದರೆ ಖಾಸಗಿಯಾಗಿ ಸಂದೇಶ ಕಳುಹಿಸಿ.